ಎತ್ತರದಲ್ಲಿ ಎದೆಯಳುಕು

ಎತ್ತರವಾದ ಸ್ಥಳದಲ್ಲಿ ನಿಂತು ಕೆಳಗೆ ನೋಡಿದೊಡನೆ ಎದೆ ಝಲ್ಲೆನ್ನುವುದು, ಮೊಣಕಾಲು ಸಡಿಲವಾಗುವುದು, ಅಂಗಾಲಿನಲ್ಲಿ ಒಂದು ಬಗೆಯ ಜುಮ್ಮು ಹರಿಯುವುದು, ಇವು ನಮ್ಮ ಶ್ರೋತೃಗಳಲ್ಲಿ ಅನೇಕರಿಗೆ ಪರಿಚಿತವಾದ ಅನುಭವಗಳೇ ಆಗಿರಬೇಕು. ಆದರೆ ಇದನ್ನು ನಾಲ್ಕು ಜನರೆದುರಿಗೆ ಒಪ್ಪಿಕೊಳ್ಳುವವರು ವಿರಳ. ಹಾವಿಗೆ ಹೆದರುವೆನೆಂದು ಹೇಳಿಕೊಳ್ಳಲು ಯಾರಿಗೂ ನಾಚಿಕೆಯಿಲ್ಲ. ಅದು ವಿವೇಕವೆಂದೇ ಲೋಕವು ಬಗೆಯುತ್ತದೆ. ಎತ್ತರಕ್ಕೆ ಹೆದರುವವನಾದರೋ ಬೆಟ್ಟದ ಬುಡದಲ್ಲಿಯೇ ಏನಾದರೊಂದು ನೆಪವನ್ನು ಹುಡುಕುತ್ತಾನೆ. ಮೊಣಕಾಲಿನ ನೋವು ಅಂದೇ ಮರುಕಳಿಸುತ್ತದೆ, ಬಿಸಿಲು ಅಂದೇ ಹೆಚ್ಚಾಗುತ್ತದೆ, "ನೀವೆಲ್ಲ ಹೋಗಿ ಬನ್ನಿ, ಚೀಲಗಳನ್ನು ನೋಡಿಕೊಳ್ಳುವವರು ಒಬ್ಬರಾದರೂ ಬೇಡವೇ?" ಎಂಬ ಪರೋಪಕಾರಬುದ್ಧಿಯೂ ಅಂದೇ ಉದಯಿಸುತ್ತದೆ. ಚೀಲ ಕಾಯುವ ಕೆಲಸವನ್ನು ನಾವೂ ಹಲವು ಬೆಟ್ಟಗಳ ಬುಡದಲ್ಲಿ ಮಾಡಿದ್ದೇವೆ. ಆದುದರಿಂದ ಈ ವಿಷಯವನ್ನು ಕುರಿತು ಮಾತನಾಡಲು ನಮಗೆ ಸ್ವಲ್ಪಮಟ್ಟಿನ ಅಧಿಕಾರವುಂಟೆಂದು ಭಾವಿಸುತ್ತೇವೆ.

ಈ ನಾಚಿಕೆಯು ನಿಷ್ಕಾರಣವಾದುದು. ಜರ್ಮನಿ ದೇಶದ ವೈದ್ಯರು 2013ರಲ್ಲಿ ಪ್ರಕಟಿಸಿದ ಒಂದು ವಿಚಾರಣೆಯಲ್ಲಿ ನೂರಕ್ಕೆ ಇಪ್ಪತ್ತೆಂಟು ಮಂದಿ ತಮ್ಮ ಜೀವಮಾನದಲ್ಲಿ ಎಂದಾದರೂ ಈ ತೊಂದರೆಯನ್ನು ಅನುಭವಿಸಿದುದಾಗಿ ತಿಳಿಸಿದರು. ಹೆಂಗಸರಲ್ಲಿ ನೂರಕ್ಕೆ ಮೂವತ್ತೆರಡು, ಗಂಡಸರಲ್ಲಿ ಇಪ್ಪತ್ತೈದು. ಇಬ್ಬರ ನಡುವಣ ಅಂತರವು ಗಂಡಸರು ತಿಳಿದುಕೊಂಡಿರುವಷ್ಟು ದೊಡ್ಡದಲ್ಲವೆಂಬುದನ್ನು ಗಮನಿಸಬಹುದು. ಇವರೆಲ್ಲರೂ ರೋಗಿಗಳೆಂದಲ್ಲ. ಮಾಳಿಗೆಯ ಮೆಟ್ಟಿಲನ್ನು ಹತ್ತಲಾರದೆ, ಸೇತುವೆಯನ್ನು ದಾಟಲಾರದೆ, ದಿನದಿನದ ಬಾಳೇ ಅಸ್ತವ್ಯಸ್ತವಾಗುವಷ್ಟು ಭಯಪಡುವವರು ಇವರಲ್ಲಿ ಒಂದು ಚಿಕ್ಕ ಪಾಲು ಮಾತ್ರ. ಅಂಥವರು ವೈದ್ಯರ ಸಲಹೆಯನ್ನು ಪಡೆಯತಕ್ಕದ್ದು. ನಾವು ಈಗ ಹೇಳಹೊರಟಿರುವುದು ಉಳಿದ ಬಹುಜನರ ವಿಷಯ. ಅಂದರೆ ನೆಲದ ಮೇಲೆ ಧೀರರಾಗಿಯೂ ಬಂಡೆಯ ಮೇಲೆ ಅಧೀರರಾಗುವ ನಮ್ಮಂಥವರ ವಿಷಯ.

ವಿಚಾರವು ಗಾಳಿಯಲ್ಲಿ ತೇಲದಿರಲೆಂದು ಒಂದು ಬೆಟ್ಟವನ್ನು ಎದುರಿಗಿಟ್ಟುಕೊಳ್ಳೋಣ. ತುಮಕೂರಿನ ಉತ್ತರಕ್ಕಿರುವ ಮಧುಗಿರಿಯನ್ನು ನೋಡಿದವರು ಅದನ್ನು ಮರೆಯಲಾರರು. ಹಳೆಯ ಕಾಗದಪತ್ರಗಳಲ್ಲಿ ಮದ್ದಗಿರಿಯೆಂದು ಕಾಣಬರುವುದು ಇದೇ ಊರು. ಊರಿನ ನೆತ್ತಿಯ ಮೇಲೆಯೇ ಎದ್ದು ನಿಂತಿರುವ ಆ ಬೆಟ್ಟವು ಮಣ್ಣುಕಲ್ಲುಗಳ ರಾಶಿಯಲ್ಲ. ಬುಡದಿಂದ ಶಿಖರದವರೆಗೆ ಹೆಚ್ಚುಕಡಮೆ ಒಂದೇ ಬಂಡೆ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 3,900 ಅಡಿ. ಊರಿನ ಬೀದಿಯಿಂದ ಎಣಿಸಿದರೆ ಸಾವಿರ ಅಡಿಗೂ ಮಿಗಿಲು. ಬಿದನೂರು 1763ರಲ್ಲಿ ಹೈದರಾಲಿಯ ಕೈವಶವಾದ ಮೇಲೆ ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಲ್ಲಿಟ್ಟಿದ್ದುದು ಈ ದುರ್ಗದಲ್ಲಿಯೇ. 1767ರಲ್ಲಿ ಮರಾಠರ ಪೇಶ್ವೆ ಮಾಧವರಾಯನು ಕೋಟೆಯನ್ನು ಹಿಡಿದಾಗ ಆಕೆಗೆ ಬಿಡುಗಡೆಯಾಯಿತು. ಸೆರೆಮನೆಗೆ ಇಂತಹ ಸ್ಥಳವನ್ನು ಆರಿಸಿದವರಿಗೆ ಮನುಷ್ಯನ ಕಾಲಿನ ಸ್ವಭಾವವು ಚೆನ್ನಾಗಿ ಗೊತ್ತಿದ್ದಿರಬೇಕು. ಏರುವುದು ಕಷ್ಟ, ಇಳಿಯುವುದು ಅದಕ್ಕಿಂತ ಕಷ್ಟ.

ಮಾಗಡಿ, ಶಿವಗಂಗೆ, ಮಧುಗಿರಿ, ಪಾವಗಡ, ಇವೆಲ್ಲವೂ ಭೂಶಾಸ್ತ್ರಜ್ಞರು ಕ್ಲೋಸ್‌ಪೇಟೆಯ ಗ್ರಾನೈಟೆಂದು ಕರೆಯುವ ಒಂದೇ ಶಿಲಾಪಂಕ್ತಿಗೆ ಸೇರಿದವು. ಇಂದಿನ ರಾಮನಗರಕ್ಕೆ ಹಿಂದೆ ಇದ್ದ ಹೆಸರೇ ಕ್ಲೋಸ್‌ಪೇಟೆ. ಈ ಶಿಲೆಯ ವಯಸ್ಸು ಸುಮಾರು ಇನ್ನೂರೈವತ್ತು ಕೋಟಿ ವರ್ಷ. ಭೂಮಿಯ ಒಳಗೆ ಗಟ್ಟಿಯಾದ ಇದರ ಮೇಲಿನ ಹೊರೆ ಕಾಲಕ್ರಮದಲ್ಲಿ ಸವೆದುಹೋದಂತೆ, ಈರುಳ್ಳಿಯ ಸಿಪ್ಪೆ ಬಿಡುವ ಹಾಗೆ ಪದರಪದರವಾಗಿ ಬಿಟ್ಟುಕೊಂಡು, ಬೆಟ್ಟವು ಗುಂಡಗೆ ನುಣ್ಣಗೆ ಉಳಿಯುತ್ತದೆ. ಈ ಗುಂಡುತನವೇ ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದುದು. ಹಿಮಾಲಯದ ಕಡಿದಾದ ದಾರಿಯಲ್ಲಿ ಪ್ರಪಾತದ ಅಂಚು ಇಂತಹ ಕಡೆ ಇದೆಯೆಂದು ಕಣ್ಣಿಗೆ ಕಾಣುತ್ತದೆ. ಅದರಿಂದ ಮೂರು ಮಾರು ದೂರವಿದ್ದರೆ ಸಮಾಧಾನ. ನಮ್ಮ ಗ್ರಾನೈಟು ಬೆಟ್ಟಗಳಲ್ಲಿ ಅಂಚೆಂಬುದೇ ಇಲ್ಲ. ಕಾಲಕೆಳಗಿನ ಬಂಡೆ ಮೆಲ್ಲಮೆಲ್ಲನೆ ಬಾಗುತ್ತ ಬಾಗುತ್ತ ಹತ್ತು ಹದಿನೈದು ಗಜದಾಚೆ ಕಣ್ಣಿಗೆ ಮರೆಯಾಗುತ್ತದೆ. ಅದರಾಚೆ ಕಾಣುವುದು ದೂರದ ಕೆರೆ, ಗದ್ದೆ, ಅಡಕೆಯ ತೋಟ, ಬೆಂಕಿಪೆಟ್ಟಿಗೆಗಳಂತಹ ಮನೆಗಳು. ನಡುವಣ ಇಳಿಜಾರನ್ನು ಕಣ್ಣು ಕಾಣದು. ಕಾಣದುದನ್ನು ಮನಸ್ಸು ತುಂಬಿಕೊಳ್ಳುತ್ತದೆ, ಅದೂ ಧಾರಾಳವಾಗಿ.

ಇನ್ನು ಈ ಭಯದ ಹುಟ್ಟನ್ನು ನೋಡೋಣ. ನೆಟ್ಟಗೆ ನಿಂತಿರುವ ಮನುಷ್ಯನು ಅಲುಗದೆ ನಿಂತಿದ್ದಾನೆಂದು ನಾವು ತಿಳಿಯುತ್ತೇವೆ. ಅದು ಹಾಗಲ್ಲ. ಎರಡು ಕಾಲಿನ ಮೇಲೆ ನಿಂತ ದೇಹವು ಗಾಳಿಗೆ ಸಿಕ್ಕ ಜೋಳದ ದಂಟಿನಂತೆ ಸದಾ ಅತ್ತಿತ್ತ ಬಹಳ ಸ್ವಲ್ಪವಾಗಿ ತೂಗುತ್ತಲೇ ಇರುತ್ತದೆ. ತೂಗಿದಷ್ಟೂ ಸ್ನಾಯುಗಳು ಅದನ್ನು ಹಿಂದಕ್ಕೆಳೆದು ನಿಲ್ಲಿಸುತ್ತಿರುತ್ತವೆ. ಈ ತಿದ್ದುಪಡಿಗೆ ಬೇಕಾದ ಸಮಾಚಾರವು ಮೂರು ಕಡೆಯಿಂದ ಬರುತ್ತದೆ. ಒಳಗಿವಿಯಲ್ಲಿರುವ ಮೂರು ಅರ್ಧವೃತ್ತನಾಳಗಳೂ ಸುಣ್ಣದ ಹರಳುಗಳನ್ನು ಹೊತ್ತ ಎರಡು ಸಣ್ಣ ಚೀಲಗಳೂ ತಲೆ ಹೇಗೆ ತಿರುಗಿತು, ಎತ್ತ ಬಾಗಿತು ಎಂಬುದನ್ನು ತಿಳಿಸುತ್ತವೆ. ಅಂಗಾಲು ಮತ್ತು ಕೀಲುಗಳು ಭಾರವು ಯಾವ ಕಡೆಗೆ ಬಿತ್ತೆಂಬುದನ್ನು ತಿಳಿಸುತ್ತವೆ. ಮೂರನೆಯದು ಕಣ್ಣು. ಕಣ್ಣಿನ ಪಾತ್ರವೆಷ್ಟೆಂಬುದನ್ನು ಈಗಲೇ ಪರೀಕ್ಷಿಸಬೇಕೆನ್ನುವವರು ಒಂಟಿಕಾಲಿನಲ್ಲಿ ನಿಂತು, ಆಮೇಲೆ ಕಣ್ಣು ಮುಚ್ಚಿ ನೋಡಬಹುದು. ಪಕ್ಕದಲ್ಲಿ ಒಂದು ಕುರ್ಚಿಯಿದ್ದರೆ ಒಳ್ಳೆಯದು.

ಕಣ್ಣು ಈ ಕೆಲಸವನ್ನು ಮಾಡುವುದು ಹೇಗೆ? ಸ್ವಲ್ಪ ಲೆಕ್ಕ ಬೇಕಾಗುತ್ತದೆ, ಕ್ಷಮಿಸಬೇಕು. ತಲೆಯು ಒಂದು ಅಂಗುಲದಷ್ಟು ಪಕ್ಕಕ್ಕೆ ತೂಗಿತೆಂದಿಟ್ಟುಕೊಳ್ಳಿ. ಮೂರು ಅಡಿ ದೂರದಲ್ಲಿರುವ ಒಂದು ಕಂಬವು ಆಗ ಕಣ್ಣಿಗೆ ಒಂದೂವರೆ ಡಿಗ್ರಿಗಿಂತ ಸ್ವಲ್ಪ ಹೆಚ್ಚಾಗಿ ಸರಿದಂತೆ ತೋರುತ್ತದೆ. ಇದು ಕಣ್ಣಿಗೆ ದೊಡ್ಡ ಚಲನೆ, ಕೂಡಲೆ ತಿದ್ದುಪಡಿಯಾಗುತ್ತದೆ. ಅದೇ ಕಂಬ ಮುನ್ನೂರು ಅಡಿ ದೂರದಲ್ಲಿದ್ದರೆ ಅದು ಸರಿದಂತೆ ತೋರುವುದು ಇದರ ನೂರನೆಯ ಒಂದು ಪಾಲು, ಎಂದರೆ ಸುಮಾರು ಒಂದು ಡಿಗ್ರಿಯ ಅರವತ್ತನೆಯ ಭಾಗ. ಒಳ್ಳೆಯ ದೃಷ್ಟಿಯುಳ್ಳ ಕಣ್ಣು ಗುರುತಿಸಬಲ್ಲ ಅತಿ ಸೂಕ್ಷ್ಮ ಭೇದವೂ ಇಷ್ಟೇ. ಆದ್ದರಿಂದ ಹತ್ತಿರದಲ್ಲಿ ಗೋಡೆಯಾಗಲಿ ಮರವಾಗಲಿ ಬೇಲಿಯಾಗಲಿ ಇಲ್ಲದೆ, ಕಾಣುವುದೆಲ್ಲವೂ ಬಹುದೂರದಲ್ಲಿಯೇ ಇರುವ ಸ್ಥಳದಲ್ಲಿ ನಿಂತಾಗ, ದೇಹವು ತೂಗುತ್ತಿದ್ದರೂ ಕಣ್ಣು "ಏನೂ ಅಲುಗಲಿಲ್ಲ" ಎಂದು ವರದಿ ಮಾಡುತ್ತದೆ. ಒಳಗಿವಿ ಮತ್ತು ಅಂಗಾಲು "ಅಲುಗಿತು" ಎನ್ನುತ್ತವೆ. ಸಾಕ್ಷಿಗಳಲ್ಲಿ ಒಮ್ಮತವಿಲ್ಲದಿರುವಾಗ ನ್ಯಾಯಾಧಿಪತಿಗೆ ತಲೆ ತಿರುಗದಿರುವುದುಂಟೇ! ಜರ್ಮನಿಯ ನರರೋಗತಜ್ಞರಾದ ಥಾಮಸ್ ಬ್ರಾಂಟರೂ ಅವರ ಸಂಗಡಿಗರೂ 1980ರ ಸುಮಾರಿನಲ್ಲಿ ಇದನ್ನು ಪರೀಕ್ಷಿಸಿ, ಕಣ್ಣಿಗೆ ಕಾಣುವ ಅತಿ ಸಮೀಪದ ಸ್ಥಿರವಸ್ತುವು ಸುಮಾರು ಹತ್ತು ಅಡಿಗಿಂತ ದೂರವಾದಂತೆ ದೇಹದ ತೂಗಾಟವು ಹೆಚ್ಚುವುದೆಂಬುದನ್ನು ತೋರಿಸಿಕೊಟ್ಟರು.

ಇದರಿಂದ ತಿಳಿಯಬೇಕಾದುದೇನೆಂದರೆ, ಎತ್ತರದಲ್ಲಿ ತಲೆ ತಿರುಗುವುದು ಹೇಡಿತನದ ಲಕ್ಷಣವಲ್ಲ. ಅದು ದೇಹದ ರಚನೆಯಿಂದಲೇ ಬರತಕ್ಕದ್ದು, ಎಲ್ಲರಿಗೂ ಸ್ವಲ್ಪ ಹೆಚ್ಚುಕಡಮೆಯಾಗಿ ಬರತಕ್ಕದ್ದು. ಧೀರನಿಗೂ ಅಧೀರನಿಗೂ ವ್ಯತ್ಯಾಸ ತೋರುವುದು ಆಮೇಲೆ. ಧೀರನು ಈ ತೂಗಾಟವನ್ನು ಗಮನಿಸುವುದಿಲ್ಲ, ಅಥವಾ ಗಮನಿಸಿದರೂ ಒಂದು ಹೆಜ್ಜೆ ಸರಿದು ನಿಲ್ಲುತ್ತಾನೆ. ಅಧೀರನು ಗಮನಿಸಿ, "ಬೀಳುತ್ತೇನೆ" ಎಂದುಕೊಂಡು, ಮೈಯನ್ನೆಲ್ಲ ಕಟ್ಟಿಗೆಯಂತೆ ಬಿಗಿಹಿಡಿಯುತ್ತಾನೆ. ತಲೆಯನ್ನೂ ಕಣ್ಣನ್ನೂ ಒಂದೇ ಕಡೆ ನೆಟ್ಟುಬಿಡುತ್ತಾನೆ. ಬಿಗಿದ ಮೈ ತೂಗಾಟವನ್ನು ಸರಾಗವಾಗಿ ತಿದ್ದಿಕೊಳ್ಳಲಾರದು. ನೆಟ್ಟ ಕಣ್ಣು ಹತ್ತಿರದ ಆಸರೆಗಳನ್ನು ಹುಡುಕಲಾರದು. ಹೀಗೆ ಭಯವು ತನಗೆ ಬೇಕಾದ ಕಾರಣವನ್ನು ತಾನೇ ಒದಗಿಸಿಕೊಳ್ಳುತ್ತದೆ. ಸಾಲದುದಕ್ಕೆ ಅಳತೆಯೂ ತಪ್ಪುತ್ತದೆ. ಮೇಲೆ ನಿಂತು ಕೆಳಗೆ ನೋಡುವವನು ಆಳವನ್ನು ಇರುವುದಕ್ಕಿಂತ ಹೆಚ್ಚೆಂದು ಎಣಿಸುತ್ತಾನೆಂದೂ, ಭಯವುಳ್ಳವನಲ್ಲಿ ಈ ತಪ್ಪೆಣಿಕೆ ಇನ್ನೂ ಹೆಚ್ಚೆಂದೂ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸ್ಟೆಫನೂಚಿ ಮತ್ತು ಪ್ರಾಫಿಟ್ ಎಂಬವರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡುಬಂದಿದೆ. ನಲವತ್ತು ಅಡಿಯ ಗೋಡೆಯನ್ನು ಅರವತ್ತು ಅಡಿಯೆಂದು ನಂಬಿದವನು ಅರವತ್ತು ಅಡಿಗೆ ತಕ್ಕಷ್ಟು ಹೆದರುವುದು ನ್ಯಾಯವೇ ಸರಿ.

ಈ ಭಯ ಹುಟ್ಟಿನಿಂದ ಬಂದುದೇ ಅಥವಾ ಕಲಿತುದೇ ಎಂಬ ಪ್ರಶ್ನೆಯೂ ಉಂಟು. ಕಾರ್ನೆಲ್ ವಿಶ್ವವಿದ್ಯಾನಿಲಯದ ಎಲೆನಾರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ ಎಂಬವರು 1960ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಈಗ ಬಹಳ ಪ್ರಸಿದ್ಧವಾಗಿದೆ. ಗಟ್ಟಿಯಾದ ಗಾಜಿನ ಮೇಜೊಂದರ ಅರ್ಧಕ್ಕೆ ಕೆಳಗೇ ಹತ್ತಿಸಿ ಚೌಕಳಿ ಬಟ್ಟೆಯನ್ನು ಹಾಸಿ, ಉಳಿದರ್ಧದಲ್ಲಿ ಅದೇ ಬಟ್ಟೆಯನ್ನು ಬಹಳ ಕೆಳಗೆ ನೆಲದ ಮೇಲೆ ಹಾಸಿದರು. ಅಂಬೆಗಾಲಿಡುವ ಮೂವತ್ತಾರು ಶಿಶುಗಳನ್ನು ನಡುವಣ ಹಲಗೆಯ ಮೇಲೆ ಬಿಟ್ಟು ತಾಯಂದಿರು ಎರಡು ಕಡೆಗಳಿಂದಲೂ ಕರೆದರು. ಹಲಗೆಯನ್ನು ಬಿಟ್ಟು ಕದಲಿದ ಇಪ್ಪತ್ತೇಳು ಶಿಶುಗಳೂ ಆಳವಿಲ್ಲದ ಕಡೆಗೆ ಹೋದುವು. ಆಳವಾದಂತೆ ತೋರುವ ಕಡೆಗೆ ಹೋಗಲು ಮೂರೇ ಮೂರು ಧೈರ್ಯಮಾಡಿದುವು. ಇದರಿಂದ ಭಯವು ಹುಟ್ಟುಗುಣವೆಂದು ಮೊದಲು ಅನೇಕರು ತೀರ್ಮಾನಿಸಿದರು. ಆದರೆ ಮುಂದೆ ನಡೆದ ಪರೀಕ್ಷೆಗಳಲ್ಲಿ, ಇನ್ನೂ ಅಂಬೆಗಾಲಿಡದ ಶಿಶುವು ಆಳವನ್ನು ಗುರುತಿಸಿದರೂ ಅದಕ್ಕೆ ಹೆದರುವುದಿಲ್ಲವೆಂದೂ, ತಾನಾಗಿ ಓಡಾಡಿ ಕೆಲವು ವಾರಗಳ ಅನುಭವವಾದ ಮೇಲೆಯೇ ಭಯವು ತಲೆದೋರುವುದೆಂದೂ ತಿಳಿದುಬಂತು. ಅಂದಮೇಲೆ ಭಯದ ಅಂಕುರವು ನಡಿಗೆಯೊಡನೆಯೇ ಬಂದುದು. ನಡೆಯುತ್ತ ಕಲಿತುದನ್ನು ನಡೆಯುತ್ತಲೇ ತಿದ್ದಿಕೊಳ್ಳಬಹುದೆಂಬ ಆಶೆಗೆ ಇಲ್ಲಿ ಎಡೆಯುಂಟು.

ಮಧುಗಿರಿಗೆ ಮರಳೋಣ. ಕೆಲವು ವರ್ಷಗಳ ಹಿಂದೆ ಕಾರ್ತಿಕ ಮಾಸದಲ್ಲಿ ಹದಿನಾಲ್ಕು ಮಂದಿ ವಿದ್ಯಾರ್ಥಿಗಳೊಡನೆ ನಾವು ಈ ಬೆಟ್ಟವನ್ನೇರಿದೆವು. ಕೆಳಗಿನ ಭಾಗದಲ್ಲಿ ಒಳ್ಳೆಯ ಮೆಟ್ಟಿಲುಗಳು, ಬಾಗಿಲುಗಳು, ಕೋಟೆಯ ಗೋಡೆಗಳು. ಮಾತುಕತೆಗೂ ಹಾಸ್ಯಕ್ಕೂ ಕೊರತೆಯಿಲ್ಲ. ಮೇಲೆ ಹೋದಂತೆ ಗೋಡೆಗಳು ಹಿಂದೆ ಸರಿದು ಬರಿಯ ಬಂಡೆ ಉಳಿಯುತ್ತದೆ. ಮೆಟ್ಟಿಲೆಂದರೆ ಬಂಡೆಯಲ್ಲಿ ಕೊರೆದ ಬೆರಳುದ್ದದ ಕಚ್ಚುಗಳು. ಹಿಡಿಯಲು ಕಬ್ಬಿಣದ ಸರಳು ಕೆಲವೆಡೆ ಉಂಟು, ಕೆಲವೆಡೆ ಇಲ್ಲ. ಅಂಥದೊಂದು ಕಡೆಯಲ್ಲಿ, ಕಾಲೇಜಿನ ಕಬಡ್ಡಿ ತಂಡದಲ್ಲಿ ಹೆಸರಾಗಿದ್ದ ಒಬ್ಬ ದೃಢಕಾಯನಾದ ಹುಡುಗನು ಇದ್ದಕ್ಕಿದ್ದಂತೆ ನಾಲ್ಕು ಕಾಲಿನ ಮೇಲಾದನು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮುಖ ಬೂದಿಬಣ್ಣಕ್ಕೆ ತಿರುಗಿತ್ತು. "ಬಂಡೆ ವಾಲುತ್ತಾ ಇದೆ, ಸಾರ್" ಎಂದನು. ಹಿಂದಿನಿಂದ ಯಾರೋ ನಕ್ಕರು. ನಮಗೆ ನಗು ಬರಲಿಲ್ಲ. ನಮ್ಮ ಮೊಣಕಾಲೂ ಆಗ ಅದೇ ಅಭಿಪ್ರಾಯವನ್ನು ಸೂಚಿಸುತ್ತಿತ್ತು. ಅವನೊಬ್ಬನೇ ಅಲ್ಲದೆ, ಅವನ ಕೆಳಗೆ ಅದೇ ಕಚ್ಚುಗಳಲ್ಲಿ ಐದು ಮಂದಿ ನಿಂತಿದ್ದರು. ಅವನು ಜಾರಿದರೆ ಅವರ ಮೇಲೆಯೇ ಬೀಳುವನು.

ಬಂಡೆ ವಾಲುತ್ತಿದೆಯೆಂಬ ಮಾತು ಬರಿಯ ಭ್ರಾಂತಿಯ ಮಾತಾಗಿರಲಿಲ್ಲ. ಅವನು ಮುಂದಿನ ದಾರಿ ಇನ್ನೆಷ್ಟಿದೆಯೆಂದು ತಲೆಯೆತ್ತಿ ನೋಡಿದ್ದನು. ಅಂದು ಶಿಖರದ ಮೇಲೆ ಬಿಳಿಯ ಮೋಡಗಳು ವೇಗವಾಗಿ ನಮ್ಮ ಕಡೆಗೆ ಬರುತ್ತಿದ್ದುವು. ಚಲಿಸುವ ಮೋಡವನ್ನು ಹಿನ್ನೆಲೆಯಾಗಿಟ್ಟು ನೋಡಿದಾಗ ಕಣ್ಣು ಮೋಡವನ್ನೇ ಸ್ಥಿರವೆಂದು ಭಾವಿಸಿ, ಬಂಡೆಯೇ ಬೀಳುತ್ತಿದೆಯೆಂದು ವರದಿ ಮಾಡುತ್ತದೆ. ನಿಂತ ರೈಲಿನಲ್ಲಿ ಕುಳಿತಿರುವಾಗ ಪಕ್ಕದ ರೈಲು ಹೊರಟರೆ ನಮ್ಮದೇ ಹೊರಟಂತೆ ತೋರುವುದಿಲ್ಲವೇ, ಅದೇ ಬಗೆ. ತಲೆಯನ್ನು ಹಿಂದಕ್ಕೆ ಬಾಗಿಸಿದಾಗ ಒಳಗಿವಿಯ ಹರಳುಗಳೂ ತಮಗೆ ರೂಢಿಯಾದ ನೆಲೆಯಿಂದ ಜರುಗಿ, ಅವುಗಳ ಸಾಕ್ಷ್ಯವೂ ದುರ್ಬಲವಾಗುತ್ತದೆ. ಹೀಗೆ ಮೂವರು ಸಾಕ್ಷಿಗಳಲ್ಲಿ ಇಬ್ಬರು ಕೆಟ್ಟಮೇಲೆ ಹುಡುಗನು ಮಾಡಿದುದೇ ಸರಿ: ನಾಲ್ಕು ಕಾಲನ್ನೂ ನೆಲಕ್ಕೂರಿ, ಉಳಿದ ಒಬ್ಬ ಸಾಕ್ಷಿಯನ್ನು ನಂಬಿದನು.

ನಾವು ಅವನಿಗೆ ಧೈರ್ಯ ಹೇಳಲಿಲ್ಲ. "ಹೆದರಬೇಡ" ಎಂಬ ಮಾತಿನಿಂದ ಹೆದರಿಕೆ ಹೋದುದನ್ನು ನಾವು ಇದುವರೆಗೂ ಕಂಡಿಲ್ಲ. ಕೆಳಗಿನ ಐವರನ್ನು ಮೊದಲು ಪಕ್ಕಕ್ಕೆ ಸರಿದು ಕುಳಿತುಕೊಳ್ಳಲು ಹೇಳಿದೆವು. ಆಮೇಲೆ ಅವನ ಎಡಗಡೆಗೆ, ಅವನಿಗೂ ಇಳಿಜಾರಿಗೂ ನಡುವೆ, ನಾವೇ ಕುಳಿತೆವು. ಇದರಿಂದ ದೂರದ ಕೆರೆ ಅವನ ಕಣ್ಣಿಗೆ ಮರೆಯಾಯಿತು. ಒಂದು ಗೇಣಿನಷ್ಟು ದೂರದಲ್ಲಿ ಬಂಡೆಯ ಬಿರುಕಿನೊಳಗೆ ಒಣಹುಲ್ಲಿನ ಒಂದು ಬುಡವಿತ್ತು. ಅದನ್ನು ನೋಡುತ್ತಿರೆಂದೂ, ಉಸಿರನ್ನು ನಿಧಾನವಾಗಿ ಹೊರಕ್ಕೆ ಬಿಡೆಂದೂ ಹೇಳಿದೆವು. ನಿಧಾನವಾಗಿ ಬೆನ್ನನ್ನು ಬಂಡೆಗೆ ಕೊಟ್ಟು ಕುಳಿತನು. ಗಡಿಯಾರವನ್ನು ನೋಡಿ ಹೇಳುತ್ತಿದ್ದೇವೆ, ಇಪ್ಪತ್ತೆರಡು ನಿಮಿಷ ಹಾಗೆಯೇ ಕುಳಿತಿದ್ದೆವು. ಮೊದಲ ಹತ್ತು ನಿಮಿಷ ಅವನ ಕೈ ನಡುಗುತ್ತಿತ್ತು. ಹದಿನೈದನೆಯ ನಿಮಿಷದ ಹೊತ್ತಿಗೆ ತಿಂಡಿಯ ಚೀಲ ಯಾರ ಹತ್ತಿರ ಇದೆಯೆಂದು ವಿಚಾರಿಸಿದನು. ಇದನ್ನು ಕೇಳಿ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಬಳಿಕ ಹನ್ನೆರಡು ಕಚ್ಚುಗಳನ್ನು ಮೇಲಕ್ಕೇರಿ ಒಂದು ಹಾಸುಬಂಡೆಯ ಮೇಲೆ ಕುಳಿತು, ಇವತ್ತಿಗೆ ಇಷ್ಟು ಸಾಕೆಂದನು. ನಾವೂ ಅವನೊಡನೆ ಅಲ್ಲಿಂದಲೇ ಹಿಂದಿರುಗಿದೆವು. ಉಳಿದವರು ದಾರಿ ಬಲ್ಲವನೊಬ್ಬನೊಡನೆ ಶಿಖರಕ್ಕೆ ಹೋಗಿಬಂದರು. ಆ ಹುಡುಗನು ಅಲ್ಲಿಂದೀಚೆಗೆ ಇನ್ನೂ ಮೂರು ಸಲ ಆ ಹಾಸುಬಂಡೆಯವರೆಗೆ ಹೋಗಿ ಬಂದಿದ್ದಾನೆ. ಶಿಖರವನ್ನು ಇನ್ನೂ ಮುಟ್ಟಿಲ್ಲ. ಅದೊಂದು ಕೊರತೆಯೆಂದು ಅವನು ಭಾವಿಸಿದಂತೆ ಕಾಣುವುದಿಲ್ಲ.

ಆ ಇಪ್ಪತ್ತೆರಡು ನಿಮಿಷಗಳಲ್ಲಿಯೇ ಈ ವಿಷಯದ ಸಾರವೆಲ್ಲ ಅಡಗಿದೆ. ಭಯದ ವೇಗವು ನೀರಿನ ಅಲೆಯಂತೆ. ಏರಿ, ಸ್ವಲ್ಪ ಹೊತ್ತು ನಿಂತು, ತಾನಾಗಿ ಇಳಿಯುತ್ತದೆ. ದೇಹಕ್ಕೆ ಅದನ್ನು ಗಂಟೆಗಟ್ಟಲೆ ಶಿಖರದಲ್ಲಿಯೇ ಹಿಡಿದಿಡುವ ಶಕ್ತಿಯಿಲ್ಲ. ಆದರೆ ಅಲೆಯು ಏರುತ್ತಿರುವಾಗಲೇ ಓಡಿಹೋದರೆ, ಓಡಿದುದರಿಂದಲೇ ಬದುಕಿದೆನೆಂದು ಮನಸ್ಸು ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಭಯವು ಬುಡದಲ್ಲಿಯೇ ಬಂದು ಎದುರುಗೊಳ್ಳುತ್ತದೆ. ಅಲೆ ಇಳಿಯುವವರೆಗೆ ಅಲ್ಲಿಯೇ ಕುಳಿತಿದ್ದು ಆಮೇಲೆ ಹಿಂದಿರುಗಿದರೆ ಲೆಕ್ಕವೇ ಬೇರೆ. ಹಿಂದಿರುಗುವುದು ಸೋಲಲ್ಲ, ಭಯದ ತುದಿಯಲ್ಲಿ ಹಿಂದಿರುಗುವುದೇ ಕೆಡುಕು.

ಅನೇಕರನ್ನು ಕಾಡುವ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. "ಎತ್ತರದಲ್ಲಿ ನಿಂತಾಗ ಬೀಳುವೆನೆಂಬ ಭಯವಲ್ಲ, ನಾನೇ ಎಲ್ಲಿ ಹಾರಿಬಿಡುವೆನೋ ಎಂಬ ಭಯ" ಎಂದು ಕೆಲವರು ಗುಟ್ಟಾಗಿ ಹೇಳುತ್ತಾರೆ. ಹೇಳಿ, ತಮಗೆ ಚಿತ್ತಸ್ವಾಸ್ಥ್ಯ ತಪ್ಪಿತೋ ಎಂದು ಕಳವಳಪಡುತ್ತಾರೆ. ಅಮೆರಿಕದ ಫ್ಲಾರಿಡಾ ರಾಜ್ಯ ವಿಶ್ವವಿದ್ಯಾನಿಲಯದವರು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಸಾಯುವ ಯೋಚನೆಯನ್ನೇ ಮಾಡಿದವರಲ್ಲದ ಅನೇಕ ಆರೋಗ್ಯವಂತರಿಗೂ ಈ ಅನಿಸಿಕೆ ಬರುವುದುಂಟೆಂದು ಕಂಡುಬಂತು. ಅವರು ಊಹಿಸುವ ಕಾರಣವು ಸ್ವಾರಸ್ಯವಾಗಿದೆ. ದೇಹವು ಅಪಾಯವನ್ನು ಕಂಡು ಥಟ್ಟನೆ ಹಿಂದಕ್ಕೆ ಸರಿಯುತ್ತದೆ, ಬುದ್ಧಿಯು ಒಂದು ಕ್ಷಣ ತಡವಾಗಿ ಬಂದು, "ಬೀಳುವ ಸಂಭವವೇ ಇರಲಿಲ್ಲ, ಹಾಗಾದರೆ ಹಿಂದಕ್ಕೇಕೆ ಸರಿದೆ? ಹಾರಬೇಕೆಂದಿದ್ದಿರಬೇಕು" ಎಂದು ತಪ್ಪು ವ್ಯಾಖ್ಯಾನ ಮಾಡುತ್ತದೆ. ಮೂಲದಲ್ಲಿ ಅದು ಬದುಕಬೇಕೆಂಬ ಇಚ್ಛೆಯೇ. ಟೀಕಾಕಾರನ ದೋಷವನ್ನು ಮೂಲಕ್ಕೆ ಹೊರಿಸುವುದು ಸಾಹಿತ್ಯದಲ್ಲಿಯೂ ನಡೆಯುವುದೇ ತಾನೆ! ನೆಲದ ಮೇಲಿರುವಾಗಲೂ ಇಂತಹ ಯೋಚನೆ ಬಿಡದೆ ಕಾಡಿದರೆ ಮಾತ್ರ ಅದನ್ನು ಆಪ್ತರಿಗೂ ವೈದ್ಯರಿಗೂ ತಿಳಿಸತಕ್ಕದ್ದು.

ಭಯವನ್ನು ಅಭ್ಯಾಸದಿಂದ ಗೆದ್ದವರಲ್ಲಿ ಹೆಸರುವಾಸಿಯಾದವನು ಜರ್ಮನ್ ಮಹಾಕವಿ ಗಯಟೆ. 1770ರಲ್ಲಿ ಸ್ಟ್ರಾಸ್‌ಬರ್ಗಿಗೆ ನ್ಯಾಯಶಾಸ್ತ್ರವನ್ನು ಓದಲು ಬಂದ ಇಪ್ಪತ್ತರ ಹರೆಯದ ಆ ತರುಣನಿಗೆ ಎತ್ತರವೆಂದರೆ ತಲೆಸುತ್ತು. ಆ ಊರಿನ ದೇವಾಲಯದ ಗೋಪುರವಾದರೋ 466 ಅಡಿ ಎತ್ತರ. ಮನುಷ್ಯನು ಕಟ್ಟಿದ ಕಟ್ಟಡಗಳಲ್ಲಿ ಆಗ ಅದಕ್ಕಿಂತ ಎತ್ತರವಾದುದು ಲೋಕದಲ್ಲಿ ನಿಂತಿರಲಿಲ್ಲ. ಅವನು ಒಬ್ಬನೇ ಅದರ ತುದಿಗೇರಿ, ಕಳಶದ ಕೆಳಗಣ ಸಣ್ಣ ಗೂಡಿನಲ್ಲಿ ಕಾಲು ಗಂಟೆ ಕುಳಿತು ಮನಸ್ಸನ್ನು ಗಟ್ಟಿಮಾಡಿಕೊಂಡು, ಆಮೇಲೆ ಒಂದು ಮೊಳದಷ್ಟೇ ಅಗಲವಾದ ಹಲಗೆಯ ಮೇಲೆ ಬಯಲಿಗೆ ಬಂದು ನಿಲ್ಲುತ್ತಿದ್ದನು. ತಲೆ ತಿರುಗುವುದು ನಿಲ್ಲುವವರೆಗೂ ಇದನ್ನು ಮತ್ತೆ ಮತ್ತೆ ಮಾಡಿದುದಾಗಿ ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಮುಂದೆ ಪರ್ವತಪ್ರಯಾಣಗಳಲ್ಲಿಯೂ ರೋಮ್ ನಗರದ ಎತ್ತರವಾದ ಕಟ್ಟಡಗಳಲ್ಲಿಯೂ ಈ ಅಭ್ಯಾಸ ಅವನಿಗೆ ಉಪಯೋಗಕ್ಕೆ ಬಂತು. ಮನಶ್ಶಾಸ್ತ್ರಜ್ಞರು ಈಗ ಶಿಫಾರಸು ಮಾಡುವ ಚಿಕಿತ್ಸೆಯ ತಿರುಳೂ ಇದೇ. ಆದರೆ ಗಯಟೆಯು ಒಮ್ಮೆಗೇ ತುದಿಗೆ ಹೋದನು. ಅದು ಗಯಟೆಗೆ ಸರಿ. ನಮಗೆ ನಿಮಗೆ ಅಲ್ಲವೆಂದೇ ನಮ್ಮ ಅಭಿಪ್ರಾಯ.

ಮೆಟ್ಟಿಲುಮೆಟ್ಟಿಲಾಗಿ ಹೋಗುವ ಕ್ರಮವನ್ನು ಶಾಸ್ತ್ರೀಯವಾಗಿ ಮೊದಲು ತೋರಿಸಿದವರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮಹಿಳೆ ಒಬ್ಬರು. ಮೊಲವನ್ನು ಕಂಡರೆ ಕಿರುಚುತ್ತಿದ್ದ ಒಂದು ಮಗುವಿಗೆ, ಅದು ಸುಖವಾಗಿ ತಿಂಡಿ ತಿನ್ನುತ್ತಿರುವಾಗ, ಮೊಲದ ಪಂಜರವನ್ನು ದಿನಕ್ಕಿಷ್ಟು ಹತ್ತಿರ ತಂದು, ಕೊನೆಗೆ ಮಗು ಮೊಲವನ್ನು ಮುದ್ದಿಸುವಂತೆ ಮಾಡಿದುದನ್ನು ಆಕೆ 1924ರಲ್ಲಿ ಪ್ರಕಟಿಸಿದರು. ಜೋಸೆಫ್ ವೋಲ್ಪೆ ಎಂಬ ವೈದ್ಯರು 1958ರಲ್ಲಿ ಇದೇ ತತ್ತ್ವವನ್ನು ಒಂದು ಪೂರ್ಣವಾದ ಚಿಕಿತ್ಸಾಪದ್ಧತಿಯಾಗಿ ಬೆಳೆಯಿಸಿದರು. ಈಚೆಗೆ ಕಣ್ಣಿಗೆ ಕಟ್ಟಿಕೊಳ್ಳುವ ಯಂತ್ರದ ಮೂಲಕ ಕೃತಕವಾದ ಎತ್ತರವನ್ನು ತೋರಿಸಿ ಅಭ್ಯಾಸ ಮಾಡಿಸುವುದೂ ಉಂಟು. ಆಕ್ಸ್‌ಫರ್ಡಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ನೂರು ಮಂದಿಯ ಪರೀಕ್ಷೆಯಲ್ಲಿ, ಈ ಚಿಕಿತ್ಸೆಯನ್ನು ಪಡೆದವರ ಭಯವು ಸರಾಸರಿಯಲ್ಲಿ ಮೂರರಲ್ಲೆರಡು ಪಾಲು ತಗ್ಗಿತೆಂದು ವರದಿಯಾಗಿದೆ. ಬೆಟ್ಟಗಳು ಹೇರಳವಾಗಿರುವ ನಮ್ಮ ನಾಡಿನಲ್ಲಿ ಯಂತ್ರದ ಅಗತ್ಯ ಅಷ್ಟಾಗಿ ಇರಲಾರದು.

ಬಂಡೆಯ ಮೇಲೆ ಪಾಲಿಸಬೇಕಾದ ಕೆಲವು ವಿಷಯಗಳು ಮೇಲೆ ಹೇಳಿದುದರಿಂದಲೇ ಹೊರಡುತ್ತವೆ. ಕಣ್ಣಿಗೆ ಹತ್ತಿರದ ಆಸರೆಯನ್ನು ಕೊಡಬೇಕು. ದೂರದ ನೋಟವನ್ನು ನೋಡಬೇಕೆನಿಸಿದರೆ ಕುಳಿತು, ಅಥವಾ ಗೋಡೆಗೋ ಬಂಡೆಗೋ ಮೈಯಾನಿಸಿ ನೋಡಬೇಕು. ನಡೆಯುತ್ತ ನೋಡಕೂಡದು. ನಿಂತು ಮೋಡವನ್ನೂ ಹದ್ದನ್ನೂ ತಲೆಯೆತ್ತಿ ನೋಡಕೂಡದು. ತಲೆ ತಿರುಗಿದರೆ ಮೂರ್ಛೆ ಬಂದು ಬಿದ್ದೇನೆಂಬ ಹೆದರಿಕೆ ಅನೇಕರಿಗುಂಟು. ರಕ್ತವನ್ನು ಕಂಡು ಹೆದರುವವರಲ್ಲಿ ರಕ್ತದ ಒತ್ತಡ ಕುಸಿದು ಮೂರ್ಛೆ ಬರುವುದು ನಿಜ. ಎತ್ತರದ ಭಯದಲ್ಲಾದರೋ ನಾಡಿ ವೇಗವಾಗುತ್ತದೆ, ಒತ್ತಡವು ಏರುತ್ತದೆ. ಮೂರ್ಛೆ ಬಹಳ ಅಪರೂಪ. ಇದನ್ನು ತಿಳಿದವನ ಭಯವು ಅರ್ಧ ಇಳಿಯುವುದನ್ನು ಕಂಡಿದ್ದೇವೆ.

ಮೈಯ ಭಂಗಿಯ ವಿಷಯವೂ ಒಂದುಂಟು. ಹೆದರಿದವನು ಸಹಜವಾಗಿ ಬಂಡೆಯ ಕಡೆಗೆ ಬಾಗಿ ಅದನ್ನು ಕೈಯಿಂದ ಒತ್ತುತ್ತಾನೆ. ಆಗ ಪಾದಗಳು ಹೊರಬೇಕಾದ ಒತ್ತಡದಲ್ಲಿ ಒಂದು ಪಾಲನ್ನು ಕೈಗಳು ಕಸಿದುಕೊಳ್ಳುತ್ತವೆ; ಪಾದದ ಹಿಡಿತವೆಲ್ಲವೂ ಆ ಒತ್ತಡದಿಂದಲೇ ಬರತಕ್ಕದ್ದಾದುದರಿಂದ, ಹಿಡಿತವು ಅಷ್ಟರಮಟ್ಟಿಗೆ ಸಡಿಲವಾಗುತ್ತದೆ. ನೆಟ್ಟಗೆ ನಿಂತು ಮೈಭಾರವನ್ನೆಲ್ಲ ಅಂಗಾಲಿನ ಮೇಲೆ ಬಿಟ್ಟವನು ಜಾರುವುದು ಕಡಮೆ. ಮನಸ್ಸು ಒಪ್ಪದ ಮಾತು ಇದು, ಅಂಗಾಲು ಒಪ್ಪುತ್ತದೆ. ಇಳಿಯುವಾಗ ಬಹಳ ಕಡಿದಾದ ಕಡೆಗಳಲ್ಲಿ ಏಣಿಯಿಂದ ಇಳಿಯುವಂತೆ ಬಂಡೆಗೆ ಮುಖಮಾಡಿ ಇಳಿಯುವುದರಲ್ಲಿ ಅವಮಾನವೇನೂ ಇಲ್ಲ. ಹಿರಿಯರು ಕುಳಿತು ಕುಳಿತು ಇಳಿದರೆ ಪಂಚೆಗೆ ಮಾತ್ರ ನಷ್ಟ.

ಆದರೆ ಎಲ್ಲ ಭಯವನ್ನೂ ಗೆಲ್ಲಬೇಕಾದುದಿಲ್ಲ. ಮಳೆ ಬಿದ್ದ ಗ್ರಾನೈಟಿನ ಮೇಲೆ ಪಾಚಿಯ ಕಪ್ಪುಪಟ್ಟೆಗಳು ಎಣ್ಣೆ ಸವರಿದಂತಾಗುತ್ತವೆ. ಅಲ್ಲಿ ಹುಟ್ಟುವ ಭಯವು ಭಯವಲ್ಲ, ತಿಳಿವಳಿಕೆ. ಬಂಡೆಯ ಸಂದುಗಳಲ್ಲಿ ಜೇನುಹುಟ್ಟು ಕಂಡರೂ ಹಾಗೆಯೇ. ಅಲ್ಲಿ ಹೊಗೆ, ಗದ್ದಲ, ಸುವಾಸನೆಯ ಎಣ್ಣೆ ಇವೊಂದೂ ಕೂಡದು. ಅಂಚಿನಲ್ಲಿ ನಿಂತು ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವ ಈ ಕಾಲದ ಚಪಲಕ್ಕೆ ಎತ್ತರದ ಭಯವಿರುವವರು ಬಲಿಯಾಗುವುದು ಕಡಮೆ. ನಮ್ಮ ವರ್ಗಕ್ಕೆ ಇದೊಂದು ಲಾಭವೆಂದು ಹೇಳಿಕೊಳ್ಳಬಹುದು.

ಅಭ್ಯಾಸವನ್ನು ಪ್ರಾರಂಭಿಸಬೇಕೆನ್ನುವವರು ಮೈಸೂರಿನ ಚಾಮುಂಡಿಬೆಟ್ಟದಿಂದ ಪ್ರಾರಂಭಿಸಬಹುದು. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಆದ ಅಲ್ಲಿನ ಸಾವಿರ ಮೆಟ್ಟಿಲುಗಳ ಇಕ್ಕೆಲದಲ್ಲಿಯೂ ಗಿಡಮರಗಳಿದ್ದು, ಕಣ್ಣಿಗೆ ಹತ್ತಿರದ ಆಸರೆ ಉದ್ದಕ್ಕೂ ಸಿಗುತ್ತದೆ. ಅದು ಸಲೀಸಾದ ಮೇಲೆ ಶ್ರವಣಬೆಳಗೊಳದ ವಿಂಧ್ಯಗಿರಿ. ಅಲ್ಲಿ ಮರಗಳಿಲ್ಲ, ಬರಿಯ ಬಂಡೆ. ಆದರೆ ಬಂಡೆಯಲ್ಲಿ ಕಡಿದ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳು ಅಗಲವಾಗಿವೆ, ಹಿಡಿಯಲು ಕಂಬಿಯೂ ಉಂಟು, ಜೊತೆಗೆ ಸಾಲುಗಟ್ಟಿ ಏರುವ ಯಾತ್ರಿಕರ ಸಂಗಡವೂ ಉಂಟು. ಪಾದರಕ್ಷೆಯನ್ನು ಕೆಳಗೆ ಬಿಟ್ಟು ಏರಬೇಕೆಂಬ ಅಲ್ಲಿನ ನಿಯಮವು ಭಕ್ತಿಗಾಗಿ ಏರ್ಪಟ್ಟುದಾದರೂ ನಮ್ಮಂಥವರಿಗೆ ಬೇರೊಂದು ಉಪಕಾರವನ್ನು ಮಾಡುತ್ತದೆ: ಬರಿಗಾಲಿಗೆ ಬಂಡೆಯ ಪ್ರತಿಯೊಂದು ಏರುತಗ್ಗೂ ತಿಳಿಯುತ್ತದೆ. ಅಲ್ಲಿಂದ ಮುಂದೆ ಶಿವಗಂಗೆ. ಅದರ ಮೇಲ್ಭಾಗದ ಕಡಿದಾದ ಮೆಟ್ಟಿಲುಗಳಲ್ಲಿ ಕಂಬಿಯನ್ನು ಬಿಡದೆ ಏರಿದವರು ಮಧುಗಿರಿಯನ್ನು ಕುರಿತು ಯೋಚಿಸಬಹುದು. ಮಳೆಗಾಲವನ್ನು ಬಿಟ್ಟು ಹೋಗಬೇಕು, ಸೂರ್ಯೋದಯಕ್ಕೆ ಬುಡದಲ್ಲಿರಬೇಕು, ಒಬ್ಬರೇ ಹೋಗಕೂಡದು. ಹತ್ತು ಗಂಟೆಯ ಮೇಲೆ ಬಂಡೆ ಕಾಯತೊಡಗುತ್ತದೆ, ಮೇಲಿನ ಭಾಗದಲ್ಲಿ ನೆರಳೆಂಬುದು ಸಿಗುವುದೇ ಅಪರೂಪ. ಆದ್ದರಿಂದ ತಲೆಗೊಂದಿಗೆ ಎರಡು ಸೇರಿಗೆ ಕಡಮೆಯಿಲ್ಲದಂತೆ ನೀರನ್ನು ಊರಿನಿಂದಲೇ ಹೊತ್ತುಕೊಂಡು ಹೋಗುವುದು ಮೇಲು.